ಮೌಡಿಯ ಕೈಕೆಲಸ



ಕೆನಡಾ ದೇಶದ ಪೂರ್ವದ ಅಂಚಿನಲ್ಲಿ ನೋವಾ ಸ್ಕೋಶಿಯಾ ಎಂಬ ಪ್ರಾಂತ್ಯವಿದೆ. ಸುತ್ತ ಕಡಲು, ದೊಡ್ಡ ನೆಲಕ್ಕೆ ಅಂಟಿಕೊಳ್ಳಲು ಒಂದೇ ಒಂದು ಕಿರಿದಾದ ಕತ್ತು. ಅದರ ರಾಜಧಾನಿ ಹ್ಯಾಲಿಫ್ಯಾಕ್ಸ್. ಅಲ್ಲಿನ ಪ್ರಾಂತೀಯ ಕಲಾ ಗ್ಯಾಲರಿಯ ಒಳಗೆ ಒಂದು ಮನೆಯನ್ನು ತಂದು ಇಟ್ಟಿದ್ದಾರೆ. ಮನೆಯ ಮಾದರಿಯಲ್ಲ, ಗಂಡ ಹೆಂಡತಿ ಇಬ್ಬರು ಮೂವತ್ತೆರಡು ವರ್ಷ ಸಂಸಾರ ಮಾಡಿದ ಮನೆಯೇ ಅದು. ಉದ್ದ ಅಗಲ ಎರಡೂ 13 ಅಡಿಯ ಆಸುಪಾಸು. ಕೆಳಗೆ ಒಂದು ಕೋಣೆ, ಮಲಗಲು ಮೇಲೊಂದು ಅಟ್ಟ, ಅಷ್ಟೇ. ಕರೆಂಟಿರಲಿಲ್ಲ, ನಲ್ಲಿಯಿರಲಿಲ್ಲ. ಆದರೆ ಬಾಗಿಲು, ಕಿಟಕಿಯ ಗಾಜು, ಅಟ್ಟದ ಮೆಟ್ಟಿಲು, ಕಟ್ಟಿಗೆಯ ಒಲೆ, ಬ್ರೆಡ್ ಡಬ್ಬಿ, ಕಸ ಎತ್ತುವ ತಗಡಿನ ಮೊರ, ಹೀಗೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಹೂವು, ಹಕ್ಕಿ, ಚಿಟ್ಟೆ. ಬಣ್ಣ ಮುಟ್ಟದ ಜಾಗವನ್ನು ಹುಡುಕಬೇಕು.

ಆ ಬಣ್ಣ ಬಳಿದವಳ ಹೆಸರು ಮೌಡ್ ಲೂಯಿಸ್. ಅವಳ ಬದುಕನ್ನು ಇಟ್ಟುಕೊಂಡು 2016ರಲ್ಲಿ ‘ಮೌಡಿ’ ಎಂಬ ಚಲನಚಿತ್ರ ಬಂತು. ನಿರ್ದೇಶಕಿ ಐರ್ಲೆಂಡಿನ ಆಶ್ಲಿಂಗ್ ವಾಲ್ಶ್. ಚಿತ್ರಕಥೆ ಕೆನಡಾದ ಶೆರಿ ವೈಟ್ ಅವರದು. ಮೌಡಿಯ ಪಾತ್ರದಲ್ಲಿ ಇಂಗ್ಲೆಂಡಿನ ಸ್ಯಾಲಿ ಹಾಕಿನ್ಸ್, ಗಂಡ ಎವರೆಟ್ ಆಗಿ ಅಮೆರಿಕದ ಈಥನ್ ಹಾಕ್. ಗೊಂದಲವಾಗದಿರಲೆಂದು ಒಂದು ಏರ್ಪಾಡು ಮಾಡಿಕೊಳ್ಳುತ್ತೇನೆ. ನಿಜಕ್ಕೂ ಬದುಕಿದ್ದವಳನ್ನು ಮೌಡ್ ಎನ್ನುತ್ತೇನೆ, ತೆರೆಯ ಮೇಲಿನವಳನ್ನು ಮೌಡಿ ಎನ್ನುತ್ತೇನೆ. ಇಬ್ಬರೂ ಎಷ್ಟೋ ಕಡೆ ಒಂದಾಗುತ್ತಾರೆ, ಕೆಲವು ಕಡೆ ಮಾತ್ರ ಬಹಳ ದೂರ ಹೋಗಿಬಿಡುತ್ತಾರೆ.

ಮೌಡ್ ಹುಟ್ಟಿದ್ದು ಯಾರ್ಮತ್ ಪಟ್ಟಣದ ಹತ್ತಿರದ ಸೌತ್ ಒಹಾಯೊ ಎಂಬ ಹಳ್ಳಿಯಲ್ಲಿ. ಇಸವಿ 1903 ಎಂಬುದು ರೂಢಿಯ ಲೆಕ್ಕ. ಅಪ್ಪ ಕಮ್ಮಾರ, ಕುದುರೆಗಳಿಗೆ ಬೇಕಾದ ಚರ್ಮದ ಪಟ್ಟಿ ಹಗ್ಗಗಳನ್ನೂ ಮಾಡಿಕೊಡುತ್ತಿದ್ದ. ತೀರಾ ಬಡತನವೇನಲ್ಲ. ಅಮ್ಮ ಮಗಳಿಗೆ ಪಿಯಾನೊ ನುಡಿಸುವುದನ್ನು ಕಲಿಸಿದಳು, ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಚಿತ್ರ ಬರೆಯುವುದನ್ನೂ ಕಲಿಸಿದಳು. ತಾಯಿ ಮಗಳು ಕೂಡಿ ಕಾರ್ಡು ಮಾಡಿ ಅಕ್ಕಪಕ್ಕದಲ್ಲಿ ಮಾರುತ್ತಿದ್ದರು. ಹುಡುಗಿಯ ಬೆರಳುಗಳು ಬಿಗಿಯುತ್ತ ಬಂದಾಗ ಪಿಯಾನೊ ಕೈತಪ್ಪಿತು, ಕುಂಚ ಉಳಿಯಿತು. ಶಾಲೆಯನ್ನು ಹದಿನಾಲ್ಕರ ಹರೆಯದಲ್ಲಿ ಬಿಟ್ಟಾಗ ಅವಳು ಮುಗಿಸಿದ್ದು ಐದನೆಯ ತರಗತಿ.

ಅವಳಿಗೆ ಬಂದದ್ದು ರುಮಟಾಯ್ಡ್ ಆರ್ಥ್ರೈಟಿಸ್, ಅದೂ ಮಕ್ಕಳಿಗೆ ಬರುವ ಬಗೆಯದು. ಸಂಧಿವಾತ ಎಂದರೆ ನಮಗೆ ಮುದಿತನದ ಮಂಡಿನೋವು ನೆನಪಾಗುತ್ತದೆ. ಇದು ಅದಲ್ಲ. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಕೀಲುಗಳ ಒಳಪದರದ ಮೇಲೆಯೇ ಬೀಳುತ್ತದೆ. ಪದರ ಊದಿಕೊಳ್ಳುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಆಮೇಲೆ ಮೂಳೆಯೂ ಕರಗುತ್ತದೆ. ದೊಡ್ಡವರಲ್ಲಿ ಬೆಳೆದು ನಿಂತ ದೇಹ ಕೆಡುತ್ತದೆ. ಮಕ್ಕಳಲ್ಲಿ ಬೆಳವಣಿಗೆಯೇ ಅಡ್ಡದಾರಿ ಹಿಡಿಯುತ್ತದೆ. ದವಡೆಯ ಕೀಲಿಗೆ ತಗುಲಿದರೆ ಗದ್ದ ಬೆಳೆಯುವುದಿಲ್ಲ. ಮೌಡ್‌ಳ ಹಳೆಯ ಫೋಟೋಗಳನ್ನು ನೋಡಿದರೆ ಇದೆಲ್ಲ ಕಾಣುತ್ತದೆ: ಇಳಿಜಾರಾದ ಹೆಗಲು, ಎದೆಗೆ ತಾಗುವಂತೆ ಬಾಗಿದ ಗದ್ದ, ಮಡಚಿಕೊಂಡ ಬೆರಳುಗಳು, ಅವುಗಳ ನಡುವೆ ನಾಚಿಕೆಯ ಒಂದು ನಗು. ಈ ರೋಗಕ್ಕೆ ಕಾರ್ಟಿಸೋನ್ ಎಂಬ ಔಷಧವನ್ನು ಮೊದಲು ಕೊಟ್ಟು ನೋಡಿದ್ದು 1948ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಮೌಡ್‌ಗೆ ನಲವತ್ತು ದಾಟಿತ್ತು, ಕೀಲುಗಳ ಕಥೆ ಮುಗಿದಿತ್ತು. ಅವಳು ಹುಡುಗಿಯಾಗಿದ್ದ ಕಾಲದಲ್ಲಿ ವೈದ್ಯರ ಚೀಲದಲ್ಲಿ ಆಸ್ಪಿರಿನ್ ಮತ್ತು ಬಿಸಿ ಶಾಖದ ಸಲಹೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

1935ರಲ್ಲಿ ಅಪ್ಪ ಹೋದ, 1937ರಲ್ಲಿ ಅಮ್ಮ. ಮೌಡ್ ಡಿಗ್ಬಿ ಎಂಬ ಊರಿನಲ್ಲಿ ಚಿಕ್ಕಮ್ಮನ ಆಶ್ರಯಕ್ಕೆ ಬಂದಳು. ಅಲ್ಲಿಗೆ ಹತ್ತಿರದ ಮಾರ್ಷಲ್‌ಟೌನ್‌ನಲ್ಲಿ ಎವರೆಟ್ ಲೂಯಿಸ್ ಎಂಬ ಒಂಟಿ ಗಂಡಸಿದ್ದ. ಮನೆಮನೆಗೆ ಮೀನು ಮಾರುವವನು, ನಲವತ್ತರ ಹರೆಯದವನು. ಮನೆಗೆಲಸಕ್ಕೆ, ಮನೆಯಲ್ಲೇ ಉಳಿಯುವ ಹೆಂಗಸು ಬೇಕೆಂದು ಅವನು ಜಾಹೀರಾತು ಹಾಕಿದ್ದ. ಮೌಡ್ ನಡೆದುಕೊಂಡು ಹೋಗಿ ಅವನ ಬಾಗಿಲು ತಟ್ಟಿದಳು. 1938ರ ಜನವರಿಯಲ್ಲಿ ಮದುವೆಯಾಯಿತು.

ಸಿನಿಮಾ ಅವಸರದಲ್ಲಿ ದಾಟಿಬಿಡುವ ಒಂದು ಸಂಗತಿ ಇಲ್ಲಿದೆ. ಎವರೆಟ್‌ನ ಗುಡಿಸಲಿನ ಪಕ್ಕದಲ್ಲೇ ಇದ್ದದ್ದು ಕೌಂಟಿಯ ‘ಪೂರ್ ಫಾರ್ಮ್’, ಬಡವರ ಆಶ್ರಯಧಾಮ. ದಿಕ್ಕಿಲ್ಲದ ಮುದುಕರು, ತಬ್ಬಲಿ ಮಕ್ಕಳು, ಚಿತ್ತ ಕೆಟ್ಟವರು, ಮನೆಯವರು ಕೈಬಿಟ್ಟ ಅಂಗವಿಕಲರು, ಎಲ್ಲರನ್ನೂ ಒಂದೇ ಸೂರಿನಡಿ ಹಾಕಿ, ಮೈಯಲ್ಲಿ ಶಕ್ತಿ ಇದ್ದವರಿಂದ ದುಡಿಸಿಕೊಳ್ಳುತ್ತಿದ್ದ ಜಾಗ. ಎವರೆಟ್ ಬೆಳೆದದ್ದು ಅಲ್ಲೇ. ಮುಂದೆ ಅಲ್ಲಿಯೇ ಕಾವಲುಗಾರನೂ ಆದ. ತಂದೆತಾಯಿ ಸತ್ತು, ಕೈಯಲ್ಲಿ ಕಾಸಿಲ್ಲದೆ, ಕೈಕಾಲು ನೆಟ್ಟಗಿಲ್ಲದೆ ಮೂವತ್ತು ದಾಟಿದ ಹೆಂಗಸಿಗೆ ಆ ಕಾಲದಲ್ಲಿ ಎಷ್ಟು ದಾರಿಗಳಿದ್ದವು? ಬಂಧುಗಳ ಹಂಗು, ಇಲ್ಲದಿದ್ದರೆ ಅಂಥದ್ದೊಂದು ಧಾಮ. ಮೌಡ್ ಅದರ ಬೇಲಿಯ ಈಚೆಗಿದ್ದ ಮನೆಯ ಬಾಗಿಲನ್ನು ತಟ್ಟಿದಳು. ಇದನ್ನು ಪ್ರೇಮಕಥೆ ಎಂದು ಕರೆಯುವ ಮುನ್ನ ಆ ಬೇಲಿಯನ್ನು ನೋಡಬೇಕು. ಸಿನಿಮಾದಲ್ಲಿ ಅದು ಬರೀ ಅನಾಥಾಲಯವಾಗಿದೆ, ಎವರೆಟ್ ಸೌದೆ ಒಡೆಯಲು ಹೋಗುವ ಜಾಗ. ಮೌಡಿ ಕೂಡ ಅಲ್ಲಿಗೆ ಸೇರಬಹುದಿತ್ತು ಎಂಬ ಹೆದರಿಕೆ ನೋಡುವವರಿಗೆ ತಟ್ಟುವುದಿಲ್ಲ.

ಇನ್ನು ತೆರೆಗೆ ಬರೋಣ. ಈ ಚಿತ್ರದ ಬಲವಿರುವುದು ಕೈಗಳಲ್ಲಿ. ನಿರ್ದೇಶಕಿ ಮತ್ತು ನಟಿ ಹೊಸ ಪರಿಚಯದವರಲ್ಲ. 2005ರಲ್ಲಿ ‘ಫಿಂಗರ್‌ಸ್ಮಿತ್’ ಎಂಬ ಕಿರುತೆರೆಯ ಸರಣಿಯಲ್ಲಿ ಇಬ್ಬರೂ ಕೂಡಿ ಕೆಲಸ ಮಾಡಿದ್ದರು. ಹಾಕಿನ್ಸ್ ಅವರ ತಂದೆ ತಾಯಿ ಇಬ್ಬರೂ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರು, ಹಾಗಾಗಿ ಬಣ್ಣದ ಡಬ್ಬಿಗಳ ನಡುವೆ ಬೆಳೆದವರು. ಈ ಪಾತ್ರಕ್ಕಾಗಿ ಮತ್ತೆ ಚಿತ್ರಕಲೆಯ ಪಾಠ ಹೇಳಿಸಿಕೊಂಡರು. ಅದು ಕಾಣುತ್ತದೆ. ಮೌಡಿ ಕುಂಚ ಹಿಡಿಯುವುದು ಬೆರಳ ತುದಿಯಿಂದಲ್ಲ. ಮಡಚಿದ ಬೆರಳುಗಳ ಸಂದಿಗೆ ಅದನ್ನು ಸಿಕ್ಕಿಸಿಕೊಂಡು, ಮಣಿಕಟ್ಟನ್ನು ಬಿಗಿಹಿಡಿದು, ತೋಳನ್ನೇ ಸರಿಸುತ್ತಾಳೆ. ನಡೆಯುವಾಗ ಒಂದು ಕಾಲನ್ನು ಇನ್ನೊಂದು ಎಳೆದುಕೊಂಡು ಹೋಗುತ್ತದೆ. ವರ್ಷಗಳು ಉರುಳಿದಂತೆ ಗದ್ದ ಇಂಚಿಂಚಾಗಿ ಎದೆಗೆ ಇಳಿಯುತ್ತದೆ. ಇದನ್ನೆಲ್ಲ ಕ್ಯಾಮೆರಾ ನೋಡಿ ಅಯ್ಯೋ ಅನ್ನುವುದಿಲ್ಲ. ನೋವಿನ ಮುಖವನ್ನು ಹತ್ತಿರದಿಂದ ತೋರಿಸಿ ಪಿಟೀಲು ಬಾರಿಸುವ ಚಾಳಿ ಇಲ್ಲ. ಅವಳ ಮೈ ಅವಳ ಪಾಲಿಗೆ ಹೇಗೆ ದಿನನಿತ್ಯದ್ದೋ ನಮಗೂ ಹಾಗೆ ದಿನನಿತ್ಯದ್ದಾಗಿಬಿಡುತ್ತದೆ. ಮೊದಲ ಅರ್ಧ ಗಂಟೆ ನಾವು ಅವಳ ನಡಿಗೆಯನ್ನು ನೋಡುತ್ತೇವೆ, ಆಮೇಲೆ ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂಬುದನ್ನು ನೋಡುತ್ತೇವೆ.

ಮನೆಯೂ ಹಾಗೆಯೇ. ಚಿತ್ರೀಕರಣಕ್ಕಾಗಿ ಆ ಪುಟ್ಟ ಮನೆಯ ಪ್ರತಿರೂಪವನ್ನು ಕಟ್ಟಿದರು. ಚಿತ್ರದ ಆರಂಭದಲ್ಲಿ ಅದರ ಗೋಡೆಗಳಿಗೆ ಹೊಗೆಯ ಬಣ್ಣ. ಕಪಾಟಿನ ಹಲಗೆಯ ಮೇಲೆ ಮೊದಲ ಬಣ್ಣ ಬೀಳುತ್ತದೆ, ಆಮೇಲೆ ಗೋಡೆಗೆ ಒಂದು ಹೂವು ಬರುತ್ತದೆ, ಮುಂದೆ ಕಿಟಕಿಗೂ ಹಬ್ಬುತ್ತದೆ. ಇಷ್ಟು ವರ್ಷ ಕಳೆಯಿತು ಎಂದು ಯಾರೂ ಅಕ್ಷರ ತೋರಿಸಿ ಹೇಳುವುದಿಲ್ಲ, ಗೋಡೆಯೇ ಹೇಳುತ್ತದೆ. ಮೀನು ಮಾರುವವರ ಬದುಕಿನ ಲೆಕ್ಕಾಚಾರವೂ ಚೆನ್ನಾಗಿ ಬಂದಿದೆ. ಮೀನು ಕೊಟ್ಟ ಮನೆಗಳ ಲೆಕ್ಕವನ್ನು ಮೌಡಿ ಚಿತ್ರ ಬರೆದ ಕಾರ್ಡಿನ ಬೆನ್ನಿಗೆ ಬರೆಯುತ್ತಾಳೆ. ಬೇಸಿಗೆ ಕಳೆಯಲು ನ್ಯೂಯಾರ್ಕಿನಿಂದ ಬಂದ ಹೆಂಗಸೊಬ್ಬಳು ಲೆಕ್ಕವನ್ನು ಬಿಟ್ಟು ಚಿತ್ರವನ್ನು ಕೇಳುತ್ತಾಳೆ. ಆ ಹೆಂಗಸು ಚಿತ್ರಕಥೆಯ ಕಲ್ಪನೆ. ನಿಜದಲ್ಲಿ ಮೌಡ್ ತನ್ನ ಗಂಡನ ಹಳೆಯ ಮಾಡೆಲ್ ಟಿ ಫೋರ್ಡ್ ಕಾರಿನಲ್ಲಿ ಕೂತು ಮೀನಿನ ಸುತ್ತಿಗೆ ಹೋಗುತ್ತಿದ್ದಳು, ಮೀನು ಕೊಳ್ಳುವ ಮನೆಗಳಿಗೇ ಒಂದೊಂದು ಕಾರ್ಡನ್ನು ಐದೈದು ಸೆಂಟಿಗೆ ಮಾರುತ್ತಿದ್ದಳು. ಅವಳನ್ನು ಯಾರೋ ಬಂದು ಕಂಡುಹಿಡಿಯಬೇಕಾಗಿರಲಿಲ್ಲ, ವ್ಯಾಪಾರ ಅವಳಿಗೆ ಅಮ್ಮನ ಕಾಲದಿಂದ ಗೊತ್ತಿತ್ತು. ಕಲಾವಿದರ ಬದುಕಿನ ಸಿನಿಮಾಗಳಿಗೆ ಒಬ್ಬ ಗುಣಗ್ರಾಹಿ ಹೊರಗಿನಿಂದ ಬಂದೇ ತೀರಬೇಕು ಎಂಬ ಹಟ ಯಾಕೋ.

ಅವಳ ಕೆಲಸದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಾನುಲಿಯಲ್ಲಿ ಬಣ್ಣ ತೋರಿಸಲಾಗದು, ಆದರೆ ಬಣ್ಣ ಹಚ್ಚಿದ ಕ್ರಮವನ್ನು ಹೇಳಬಹುದು. ಮೊದಲು ಹಲಗೆ. ಕ್ಯಾನ್ವಾಸಿಗೆ ದುಡ್ಡೆಲ್ಲಿ? ಮರದ ನಾರನ್ನು ಒತ್ತಿ ಮಾಡಿದ ಅಗ್ಗದ ಹಲಗೆ, ರಟ್ಟು, ಬಿಸ್ಕತ್ತು ಸುಡುವ ತಗಡು, ಗೋಡೆಗೆ ಅಂಟಿಸುವ ಕಾಗದ, ಎವರೆಟ್ ಏನು ಹೊತ್ತು ತಂದರೆ ಅದು. ಬಣ್ಣವೂ ಅವನು ತಂದದ್ದೇ. ದೋಣಿಗೆ ಬಳಿದು ಮಿಕ್ಕಿದ್ದು, ಮನೆಗೆ ಬಳಿದು ಮಿಕ್ಕಿದ್ದು. ಹಲಗೆಗೆ ಮೊದಲು ಒಂದು ಕೈ ಬಿಳಿ ಬಣ್ಣ. ಅದು ಒಣಗಿದ ಮೇಲೆ ಹೊರಗೆರೆ. ಆಮೇಲೆ ಒಂದೊಂದೇ ಬಣ್ಣ. ಬಣ್ಣಕ್ಕೆ ಬಣ್ಣ ಬೆರೆಸುವುದಿಲ್ಲ, ಡಬ್ಬಿಯಲ್ಲಿ ಯಾವುದಿದೆಯೋ ಅದೇ ಹಲಗೆಯ ಮೇಲೆ. ಹಾಗಾಗಿ ಅವಳ ಕೆಂಪು ನಿಜವಾಗಿ ಕೆಂಪು, ಹಳದಿ ನಿಜವಾಗಿ ಹಳದಿ. ನೆರಳು ಎಂಬುದೇ ಇಲ್ಲ. ಬಿಳಿಯ ಹಿಮದ ನಡುವೆ ಶರತ್ಕಾಲದ ಕೆಂಪೆಲೆಗಳ ಮರ ನಿಂತಿರುತ್ತದೆ, ಅದರ ಬುಡದಲ್ಲಿ ವಸಂತದ ಹೂವೂ ಇರುತ್ತದೆ. ಹೀಗೆ ಎಲ್ಲಾದರೂ ಉಂಟೇ ಎಂದು ಕೇಳಿದರೆ ಉತ್ತರವಿಲ್ಲ, ಅವಳ ಹಲಗೆಯ ಮೇಲೆ ಉಂಟು.

ಚಿತ್ರಗಳು ಚಿಕ್ಕವು. ಎಂಟು ಇಂಚು, ಹತ್ತು ಇಂಚು, ಕೆಲವೊಮ್ಮೆ ಇನ್ನೂ ನಾಲ್ಕು ಇಂಚು ಹೆಚ್ಚು. ಅವಳ ತೋಳು ನೋವಿಲ್ಲದೆ ಎಷ್ಟು ದೂರ ಚಾಚಬಲ್ಲುದೋ ಹಲಗೆಯ ಅಳತೆಯೂ ಬಹುಮಟ್ಟಿಗೆ ಅಷ್ಟೇ. ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಕುರ್ಚಿ, ಮುಂದೆ ಮಡಚುವ ಪುಟ್ಟ ಮೇಜು. ಕರೆಂಟಿಲ್ಲದ ಮನೆಯಲ್ಲಿ ಬೆಳಕಿದ್ದ ಜಾಗ ಅದೊಂದೇ. ಮೂರು ಕಪ್ಪು ಬೆಕ್ಕುಗಳು, ಬಂದರಿನ ದೋಣಿಗಳು, ಹಿಮಬಂಡಿ, ಮುಚ್ಚಿಗೆಯಿರುವ ಮರದ ಸೇತುವೆ, ಜಿಂಕೆಗಳು. ಒಂದೇ ವಸ್ತುವನ್ನು ಮತ್ತೆ ಮತ್ತೆ ಬರೆದಳು, ಯಾಕೆಂದರೆ ಜನ ಮತ್ತೆ ಮತ್ತೆ ಅದನ್ನೇ ಕೇಳಿದರು. ಇದನ್ನು ಕೊರತೆ ಎಂದು ಕಲಾವಿಮರ್ಶಕರು ಹೇಳಬಹುದು. ಕುಂಬಾರನಿಗೆ, ನೇಕಾರನಿಗೆ ನಾವು ಈ ಮಾತನ್ನು ಹೇಳುವುದಿಲ್ಲ.

ಎತ್ತುಗಳ ಜೋಡಿ ಅವಳ ಬಹಳ ಮೆಚ್ಚಿನ ವಸ್ತು, ಕನ್ನಡದ ಕಣ್ಣಿಗೂ ಅದು ಹತ್ತಿರದ್ದು. ಆದರೆ ಒಂದು ವ್ಯತ್ಯಾಸ ಕೂಡಲೇ ಕಾಣುತ್ತದೆ. ನಮ್ಮಲ್ಲಿ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ನೋವಾ ಸ್ಕೋಶಿಯಾದ ರೂಢಿಯಲ್ಲಿ ನೊಗವನ್ನು ತಲೆಗೆ, ಕೊಂಬಿನ ಹಿಂದೆ ಇಟ್ಟು ಚರ್ಮದ ಪಟ್ಟಿಯಿಂದ ಬಿಗಿಯುತ್ತಾರೆ, ನೊಗಕ್ಕೂ ಬಣ್ಣ ಬಳಿದು, ಗಂಟೆ ಕಟ್ಟಿ ಸಿಂಗಾರ ಮಾಡುತ್ತಾರೆ. ಮೌಡ್ ಆ ಪಟ್ಟಿಗಳನ್ನು, ಗಂಟೆಗಳನ್ನು ಒಂದನ್ನೂ ಬಿಡದೆ ಬರೆಯುತ್ತಾಳೆ. ಅಂಥ ಪಟ್ಟಿ ಮಾಡುವವನ ಮಗಳಲ್ಲವೇ! ಅದರ ಮೇಲೆ ಎತ್ತುಗಳಿಗೆ ಉದ್ದುದ್ದ ರೆಪ್ಪೆಗೂದಲು. ಅದು ಮಾತ್ರ ಯಾವ ರೂಢಿಯದೂ ಅಲ್ಲ, ಅವಳದೇ.

ಈಗ ಸಿನಿಮಾದ ದೋಷಕ್ಕೆ ಬರುತ್ತೇನೆ. ದೋಷ ಇರುವುದು ನೆಲದಲ್ಲಿ ಮತ್ತು ಗಂಡನಲ್ಲಿ.

ನೆಲದ ಮಾತು ಮೊದಲು. ಚಿತ್ರವನ್ನು ನೋವಾ ಸ್ಕೋಶಿಯಾದಲ್ಲಿ ತೆಗೆಯಲಿಲ್ಲ. 2015ರಲ್ಲಿ ಅಲ್ಲಿನ ಸರ್ಕಾರ ಚಿತ್ರೋದ್ಯಮಕ್ಕೆ ಕೊಡುತ್ತಿದ್ದ ತೆರಿಗೆ ರಿಯಾಯಿತಿಯನ್ನು ಕತ್ತರಿಸಿತು. ಹಣದ ನೆರವು ಸಿಕ್ಕಿದ್ದು ನೆರೆಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ, ಚಿತ್ರೀಕರಣವೂ ಅಲ್ಲೇ ಆಯಿತು. ನ್ಯೂಫೌಂಡ್‌ಲ್ಯಾಂಡ್ ಬಂಡೆಗಳ ನಾಡು, ಮರ ವಿರಳ, ಗಾಳಿಗೆ ತಡೆಯಿಲ್ಲ. ತೆರೆಯ ಮೇಲೆ ಅದು ಬಹಳ ಚಂದ ಕಾಣುತ್ತದೆ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಡಿಗ್ಬಿಯ ಸುತ್ತಲ ನೆಲ ಹೀಗಿಲ್ಲ. ಅಲ್ಲಿ ಮರಗಳಿವೆ, ಹತ್ತಿರದಲ್ಲೇ ಸೇಬಿನ ತೋಟಗಳ ಕಣಿವೆಯಿದೆ. ಅದಕ್ಕಿಂತ ಮುಖ್ಯವಾದದ್ದು ರಸ್ತೆ. ಮೌಡ್‌ಳ ಮನೆ ಇದ್ದದ್ದು ಒಂದನೇ ನಂಬರಿನ ಹೆದ್ದಾರಿಯ ಬದಿಯಲ್ಲಿ. ಅಮೆರಿಕದಿಂದ ಹಡಗಿನಲ್ಲಿ ಯಾರ್ಮತ್‌ಗೆ ಬಂದಿಳಿದ ಪ್ರವಾಸಿಗರ ಕಾರುಗಳು ಅದೇ ದಾರಿಯಲ್ಲಿ ಹೋಗಬೇಕು. ಬಾಗಿಲ ಮುಂದೆ ‘ಚಿತ್ರಗಳು ಮಾರಾಟಕ್ಕಿವೆ’ ಎಂಬ ಫಲಕ ಹಾಕಿದ್ದು ಆ ಕಾರುಗಳಿಗಾಗಿ. ಸಿನಿಮಾ ಅವಳನ್ನು ಬಯಲಿನ ನಡುವಿನ ಒಂಟಿ ಮನೆಯಲ್ಲಿ ಕೂರಿಸಿ ಒಬ್ಬ ತಪಸ್ವಿನಿಯನ್ನಾಗಿ ಮಾಡುತ್ತದೆ. ನಿಜದ ಮೌಡ್ ರಸ್ತೆ ಬದಿಯ ಅಂಗಡಿಯವಳು. ಕಿಟಕಿಯ ಚೌಕಟ್ಟಿನೊಳಗೆ ಇಡೀ ಬದುಕೇ ಕಾಣುತ್ತದೆ ಎಂಬ ಅರ್ಥದ ಮಾತೊಂದನ್ನು ಚಿತ್ರ ಅವಳ ಬಾಯಲ್ಲಿ ಆಡಿಸುತ್ತದೆ. ಕೇಳಲು ಸೊಗಸಾಗಿದೆ. ನಿಜದ ಕಿಟಕಿಯಲ್ಲಿ ಗಿರಾಕಿಯ ಕಾರು ನಿಲ್ಲುವುದೂ ಕಾಣುತ್ತಿತ್ತು.

ಗಂಡನ ಮಾತು ಇನ್ನೂ ತೊಡಕಿನದು. ಚಿತ್ರದ ಎವರೆಟ್ ಒರಟ. ಈ ಮನೆಯಲ್ಲಿ ಮೊದಲು ತಾನು, ಆಮೇಲೆ ನಾಯಿಗಳು, ಆಮೇಲೆ ಕೋಳಿಗಳು, ಕೊನೆಗೆ ನೀನು ಎಂದು ಅವಳಿಗೆ ಶ್ರೇಣಿ ಹೇಳುತ್ತಾನೆ. ಇತರರ ಮುಂದೆ ಕೆನ್ನೆಗೆ ಹೊಡೆಯುತ್ತಾನೆ. ಈಥನ್ ಹಾಕ್ ಈ ಮನುಷ್ಯನನ್ನು ಮುಲಾಜಿಲ್ಲದೆ ತೋರಿಸಿದ್ದಾರೆ, ಮಾತಿಗಿಂತ ಗುರುಗುಟ್ಟುವುದೇ ಹೆಚ್ಚು. ಆಮೇಲೆ ನಿಧಾನವಾಗಿ ಅವನು ಕರಗುತ್ತಾನೆ. ಅವಳನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಮದುವೆಯ ರಾತ್ರಿ ಅವನ ಪಾದಗಳ ಮೇಲೆ ಪಾದವಿಟ್ಟು ಅವಳು ಕುಣಿಯುತ್ತಾಳೆ. ಬಾಗಿಲಿಗೆ ಸೊಳ್ಳೆ ಜಾಲರಿ ಹಾಕುವುದಿಲ್ಲ ಎಂದು ಜಗಳವಾಡಿ ಕೊನೆಗೆ ತಾನೇ ಹಾಕುತ್ತಾನೆ. ಕೊನೆಯಲ್ಲಿ ಅವಳು, ನನ್ನನ್ನು ಪ್ರೀತಿಸಿದವರಿದ್ದರು ಎಂದು ಹೇಳಿಕೊಂಡು ಕಣ್ಣು ಮುಚ್ಚುತ್ತಾಳೆ. ಚಿತ್ರಮಂದಿರದಲ್ಲಿ ಕರವಸ್ತ್ರಗಳು ಹೊರಬರುವ ಹೊತ್ತು ಅದು.

ಲ್ಯಾನ್ಸ್ ವುಲಾವರ್ ಎಂಬ ಲೇಖಕರು ಮೌಡ್‌ಳ ಬಗ್ಗೆ ಬಹಳ ಕಾಲ ಅಭ್ಯಾಸ ಮಾಡಿದವರು. 1996ರಲ್ಲಿ ಅವರು ಬರೆದ ಪುಸ್ತಕ ಅವಳನ್ನು ನಾಡಿಗೆಲ್ಲ ಪರಿಚಯಿಸಿತು. ಸಿನಿಮಾ ಬಂದ ವರ್ಷವೇ ಅವರದೇ ಇನ್ನೊಂದು ದಪ್ಪ ಜೀವನಚರಿತ್ರೆಯೂ ಬಂತು. ಅದರ ಎವರೆಟ್ ಕರಗುವವನಲ್ಲ. ಜುಗ್ಗ, ಹೆಂಡತಿ ದುಡಿದ ಹಣವನ್ನು ಡಬ್ಬಿಗಳಲ್ಲಿ ತುಂಬಿ ಬಚ್ಚಿಟ್ಟವನು. ಹಣ ಕೂಡತೊಡಗಿದ ಮೇಲೂ ಮನೆಗೆ ಕರೆಂಟು ಬರಲಿಲ್ಲ, ನಲ್ಲಿ ಬರಲಿಲ್ಲ. ಕಟ್ಟಿಗೆ ಒಲೆಯ ಹೊಗೆ, ಬಣ್ಣದ ಘಾಟು, ಕಿಟಕಿಯ ಮೂಲೆ, ಇವುಗಳ ನಡುವೆಯೇ ಅವಳ ಶ್ವಾಸಕೋಶ ಕೆಟ್ಟಿತು. ಇಷ್ಟಾಗಿಯೂ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ: ಅಡುಗೆ ಮತ್ತು ಮನೆಗೆಲಸವನ್ನು ಮಾಡುತ್ತಿದ್ದವನು ಎವರೆಟ್. ಮನೆಗೆಲಸಕ್ಕೆ ಹೆಂಗಸು ಬೇಕೆಂದು ಜಾಹೀರಾತು ಹಾಕಿದವನೇ ಕೊನೆಗೆ ಮನೆಗೆಲಸ ಮಾಡಿದ. ಆ ಕೈಗಳಿಂದ ನೀರು ಹೊರುವುದು, ಸೌದೆ ಒಡೆಯುವುದು ಆಗದು, ಚಿತ್ರ ಬರೆದರೆ ದುಡ್ಡು ಬರುತ್ತದೆ. ಇಬ್ಬರೂ ಬಹುಶಃ ಮಾತಿಲ್ಲದೆಯೇ ಈ ಒಪ್ಪಂದಕ್ಕೆ ಬಂದಿರಬೇಕು. ಪ್ರೀತಿಯೋ ಲೆಕ್ಕಾಚಾರವೋ ಎಂದು ಬೇರೆಮಾಡಿ ಹೇಳುವ ಧೈರ್ಯ ನನಗಿಲ್ಲ. ಸಿನಿಮಾಕ್ಕೆ ಮಾತ್ರ ಆ ಧೈರ್ಯವಿದೆ, ಪ್ರೀತಿಯೇ ಎಂದುಬಿಡುತ್ತದೆ.

ಮಗಳ ವಿಷಯದಲ್ಲೂ ಹೀಗೆಯೇ ಆಗಿದೆ. ಮದುವೆಗೆ ಹತ್ತು ವರ್ಷ ಮೊದಲು, 1928ರಲ್ಲಿ, ಮೌಡ್ ಒಂದು ಹೆಣ್ಣುಮಗುವನ್ನು ಹೆತ್ತಿದ್ದಳು. ಮಗುವನ್ನು ದತ್ತು ಕೊಡಲಾಯಿತು. ಸಿನಿಮಾದಲ್ಲಿ ಮಗು ಸತ್ತಿತೆಂದು ಅವಳನ್ನು ನಂಬಿಸಿರುತ್ತಾರೆ. ಎಷ್ಟೋ ವರ್ಷದ ಮೇಲೆ ನಿಜ ತಿಳಿದಾಗ ಎವರೆಟ್ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ದೂರದಿಂದ ಮಗಳನ್ನು ತೋರಿಸುತ್ತಾನೆ. ನಿಜದಲ್ಲಿ ದೊಡ್ಡವಳಾದ ಮಗಳೇ ತಾಯಿಯನ್ನು ಹುಡುಕಿಕೊಂಡು ಬಂದಳು, ಮೌಡ್ ಅವಳನ್ನು ಒಪ್ಪಿಕೊಳ್ಳಲಿಲ್ಲ ಎಂದು ಜೀವನಚರಿತ್ರೆ ಹೇಳುತ್ತದೆ. ಮದುವೆಯಿಲ್ಲದೆ ಹೆತ್ತ ಹೆಂಗಸಿನ ಮೇಲೆ ಆ ಹಳ್ಳಿಗಾಡು ಹೊರಿಸಿದ ಹೆದರಿಕೆ ಎಂಥದ್ದಿರಬೇಕು, ಅರ್ಧ ಬದುಕು ಕಳೆದ ಮೇಲೂ ಮಗಳ ಮುಖ ನೋಡಿ ಇಲ್ಲ ಎನ್ನಿಸುವಷ್ಟು? ಸಿನಿಮಾದ ದೃಶ್ಯ ಕಣ್ಣೀರು ತರಿಸುತ್ತದೆ. ನಿಜ ನಡೆದದ್ದನ್ನು ತೋರಿಸಲು ಗಟ್ಟಿ ಗುಂಡಿಗೆ ಬೇಕಿತ್ತು.

ಮೌಡ್‌ಗೆ ಹೆಸರು ಬಂದದ್ದು ಕೊನೆಯ ಆರೇಳು ವರ್ಷಗಳಲ್ಲಿ. 1964ರಲ್ಲಿ ಟೊರಾಂಟೊದ ‘ಸ್ಟಾರ್ ವೀಕ್ಲಿ’ ಪತ್ರಿಕೆಯಲ್ಲಿ ಸಚಿತ್ರ ಲೇಖನ ಬಂತು, 1965ರಲ್ಲಿ ಕೆನಡಾದ ಸಿಬಿಸಿ ದೂರದರ್ಶನ ಅವಳ ಮನೆಗೆ ಕ್ಯಾಮೆರಾ ತಂದಿತು. ಆ ಕಪ್ಪು ಬಿಳುಪು ಚಿತ್ರಿಕೆಯ ತುಣುಕನ್ನು ಸಿನಿಮಾ ತನ್ನ ಕೊನೆಯಲ್ಲಿ ಸೇರಿಸಿದೆ. ಅಮೆರಿಕದ ಶ್ವೇತಭವನದಿಂದಲೂ, ನಿಕ್ಸನ್ ಕಾಲದಲ್ಲಿ, ಎರಡು ಚಿತ್ರಗಳಿಗೆ ಬೇಡಿಕೆ ಬಂತು. ಕಾಗದಗಳ ರಾಶಿ ಬಿದ್ದಿತು. ಹಳೆಯ ಕೈ, ಹಳೆಯ ವೇಗ, ಹಾಗಾಗಿ ಎಲ್ಲರಿಗೂ ಒದಗಿಸಲಾಗಲಿಲ್ಲ. ಮೊದಮೊದಲು ಎರಡು ಮೂರು ಡಾಲರಿಗೆ ಹೋಗುತ್ತಿದ್ದ ಚಿತ್ರ ಆಗ ಐದಕ್ಕೆ ಏರಿತ್ತು, ಕೊನೆಗೆ ಏಳು ಹತ್ತರವರೆಗೂ ಮುಟ್ಟಿತು. 1968ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. 1970ರ ಜುಲೈ 30ರಂದು ಡಿಗ್ಬಿಯ ಆಸ್ಪತ್ರೆಯಲ್ಲಿ ನ್ಯೂಮೋನಿಯಾದಿಂದ ತೀರಿಕೊಂಡಳು. ಆಮೇಲೆ ಎವರೆಟ್ ತಾನೇ ಕುಂಚ ಹಿಡಿದು ಅವಳ ಧಾಟಿಯಲ್ಲಿ ಚಿತ್ರ ಬರೆಯತೊಡಗಿದ. 1979ರಲ್ಲಿ ಹಣಕ್ಕಾಗಿ ಮನೆಗೆ ನುಗ್ಗಿದವನ ಕೈಯಲ್ಲಿ ಸತ್ತ. ಊರವರು ಸಂಘ ಕಟ್ಟಿಕೊಂಡು ಮನೆ ಉಳಿಸಲು ಹೆಣಗಿದರು, 1984ರಲ್ಲಿ ಪ್ರಾಂತ್ಯದ ಸರ್ಕಾರ ಅದನ್ನು ಕೊಂಡಿತು. ಮಾರ್ಷಲ್‌ಟೌನ್‌ನಲ್ಲಿ ಮನೆಯಿದ್ದ ಜಾಗದಲ್ಲಿ ಈಗ ಅಷ್ಟೇ ಗಾತ್ರದ ಉಕ್ಕಿನ ಚೌಕಟ್ಟೊಂದು ನಿಂತಿದೆ. 2020ರ ಕ್ರಿಸ್‌ಮಸ್‌ಗೆ ಕೆನಡಾ ಅಂಚೆ ಇಲಾಖೆ ಅವಳ ಮೂರು ಚಿತ್ರಗಳ ಅಂಚೆಚೀಟಿ ತಂದಿತು. ಐದು ಸೆಂಟಿನ ಕ್ರಿಸ್‌ಮಸ್ ಕಾರ್ಡು ಮಾರಿದವಳಿಗೆ ಇದು ಒಪ್ಪುವ ಗೌರವ ಎಂದು ನನಗೆ ಕಂಡಿತು.

ಅಂಗವೈಕಲ್ಯವಿಲ್ಲದ ನಟಿ ಈ ಪಾತ್ರ ಮಾಡಬಹುದೇ ಎಂಬ ಪ್ರಶ್ನೆಯೊಂದಿದೆ. ಅದನ್ನು ತಳ್ಳಿಹಾಕುವಂತಿಲ್ಲ. 1989ರ ‘ಮೈ ಲೆಫ್ಟ್ ಫುಟ್’ ಚಿತ್ರದಲ್ಲಿ, ಎಡಗಾಲಿನಿಂದ ಚಿತ್ರ ಬರೆದ ಐರಿಷ್ ಕಲಾವಿದ ಕ್ರಿಸ್ಟಿ ಬ್ರೌನ್ ಆಗಿ ಡೇನಿಯಲ್ ಡೇ ಲೂಯಿಸ್ ನಟಿಸಿ ಆಸ್ಕರ್ ಗೆದ್ದರು. ಹಾಕಿನ್ಸ್ ಅವರೇ ‘ಮೌಡಿ’ಯ ಬೆನ್ನಿಗೆ ‘ದ ಶೇಪ್ ಆಫ್ ವಾಟರ್’ ಚಿತ್ರದಲ್ಲಿ ಮಾತು ಬಾರದ ಹೆಂಗಸಾಗಿ ನಟಿಸಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ವೈಕಲ್ಯದ ಪಾತ್ರ ಎಂದರೆ ಪ್ರಶಸ್ತಿಯ ಪಾತ್ರ, ವೈಕಲ್ಯವಿರುವ ನಟರಿಗೆ ಮಾತ್ರ ಯಾವ ಪಾತ್ರವೂ ಇಲ್ಲ. ‘ಮೌಡಿ’ಗೂ 2018ರ ಕೆನಡಿಯನ್ ಸ್ಕ್ರೀನ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ನಟಿ ಎಲ್ಲವೂ ಸಿಕ್ಕವು. ಹಾಕಿನ್ಸ್ ಅವರ ಕೆಲಸದಲ್ಲಿ ನಾನು ಕೊರೆ ಹುಡುಕಲಾರೆ. ಆದರೂ ಅಂಥ ಕೈಗಳಿರುವ ಒಬ್ಬ ನಟಿಗೆ ಯಾರಾದರೂ ಆ ಕುಂಚವನ್ನು ಕೊಟ್ಟು ನೋಡಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ಕುತೂಹಲ ಉಳಿಯುತ್ತದೆ.

ಇನ್ನು ಹಣದ ಮಾತು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಹೋಟೆಲಿನವರು ಚೀಸ್ ಸ್ಯಾಂಡ್‌ವಿಚ್‌ಗಳಿಗೆ ಬದಲಾಗಿ ಗಿರಾಕಿಯೊಬ್ಬರಿಂದ ಮೌಡ್‌ಳ ಒಂದು ಚಿತ್ರ ತೆಗೆದುಕೊಂಡರು. ಕಪ್ಪು ಟ್ರಕ್ಕಿನ ಚಿತ್ರ ಅದು. 2022ರ ಮೇ ತಿಂಗಳಲ್ಲಿ ಹರಾಜಿಗೆ ಬಂದಾಗ ಅದಕ್ಕೆ 3,50,000 ಕೆನಡಾ ಡಾಲರ್ ಬಂತು. ಹಳೆಯ ಸಾಮಾನುಗಳ ಅಂಗಡಿಯಲ್ಲಿ ಸಿಕ್ಕಿದ ಇನ್ನೊಂದು ಚಿತ್ರ, ಲಾಬ್‌ಸ್ಟರ್ ಹಿಡಿಯುವ ಬೆಸ್ತರದ್ದು, ಸಿನಿಮಾ ತೆರೆಗೆ ಬಂದ ಹೊತ್ತಿನಲ್ಲಿ 45,000 ಡಾಲರಿಗೆ ಹೋಗಿತ್ತು. ಸಿನಿಮಾ ಬಂದ ಮೇಲೆ ಬೆಲೆ ಇನ್ನೂ ಜಿಗಿಯಿತು. ಬರೆದವಳಿಗಾಗಲಿ ಅವಳ ಸಂತತಿಗಾಗಲಿ ಇದರಲ್ಲಿ ಕಾಸಿಲ್ಲ. ಚಿತ್ರ ಮರುಮಾರಾಟವಾದಾಗ ಬೆಲೆಯಲ್ಲಿ ಕಲಾವಿದರಿಗೆ ಪಾಲು ಕೊಡುವ ಕಾನೂನು ಹಲವು ದೇಶಗಳಲ್ಲಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೂ 1994ರ ತಿದ್ದುಪಡಿಯಲ್ಲಿ 53ಎ ಎಂಬ ಕಲಮನ್ನು ಸೇರಿಸಿದ್ದಾರೆ. ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗೆ ಮೀರಿ ಮರುಮಾರಾಟವಾದರೆ ಕಲಾವಿದರಿಗೋ ವಾರಸುದಾರರಿಗೋ ಹೆಚ್ಚೆಂದರೆ ಶೇಕಡ ಹತ್ತರವರೆಗೆ ಪಾಲು. ನಮ್ಮ ನಾಡಿನಲ್ಲಿ ಗೋಡೆಯಲ್ಲೋ ಬಟ್ಟೆಯಲ್ಲೋ ಚಿತ್ತಾರ ಬರೆಯುವ ಎಷ್ಟು ಜನಕ್ಕೆ ಈ ಕಲಮಿನ ಸಂಗತಿ ಗೊತ್ತು ಎಂದು ವಿಚಾರಿಸಿದರೆ ನಾಚಿಕೆಯಾಗಬಹುದು. ಕೆನಡಾದಲ್ಲಿ ಕಲಾವಿದರು ಇಂಥ ಹಕ್ಕಿಗಾಗಿ ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ.

ಸಿನಿಮಾ ನೋಡುವ ಮನಸ್ಸಿದ್ದವರಿಗೆ ಒಂದು ಸಲಹೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1976ರಲ್ಲಿ ಮೌಡ್ ಬಗ್ಗೆ ಒಂದು ಕಿರು ಸಾಕ್ಷ್ಯಚಿತ್ರ ತಂದಿದೆ, ‘ಎ ವರ್ಲ್ಡ್ ವಿದೌಟ್ ಶಾಡೋಸ್’. ಡಯಾನ್ ಬೋದ್ರಿ ನಿರ್ದೇಶಿಸಿದ್ದು, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಗಿಯುತ್ತದೆ. ಮೊದಲು ಅದನ್ನು ನೋಡಿ, ಚಿತ್ರಗಳನ್ನು ನೋಡಿ, ಸಿನಿಮಾವನ್ನು ಆಮೇಲೆ ಇಟ್ಟುಕೊಳ್ಳಿ. ಹಿಂದುಮುಂದಾದರೆ ಆ ಬೆಕ್ಕು, ಎತ್ತು, ದೋಣಿಗಳನ್ನೆಲ್ಲ ಗಂಡಹೆಂಡಿರ ಕಥೆಯೊಂದರ ಕಣ್ಣಿನಿಂದ ನೋಡುವ ಹಾಗಾಗುತ್ತದೆ.